ಮಡಿಸಿದ್ದು ಬಿಚ್ಚಬೇಕು

ಮಡಿಸುವ ವಿದ್ಯೆ ಮನುಷ್ಯನಿಗೆ ಹೊಸದಲ್ಲ. ಒಗೆದ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಡುತ್ತೇವೆ. ಮಲಗಿ ಎದ್ದ ಚಾಪೆಯನ್ನು ಸುತ್ತಿ ಗೋಡೆಯ ಮೂಲೆಗೆ ನಿಲ್ಲಿಸುತ್ತೇವೆ. ಮಳೆ ನಿಂತ ಮೇಲೆ ಕೊಡೆಯನ್ನು ಮುಚ್ಚಿ ಗೂಟಕ್ಕೆ ತಗುಲಿಹಾಕುತ್ತೇವೆ. ನಮಗಿಂತ ಎಷ್ಟೋ ಮೊದಲೇ ಪ್ರಕೃತಿಯು ಈ ವಿದ್ಯೆಯನ್ನು ಸಾಧಿಸಿತ್ತು. ಬಾಳೆಯ ಎಲೆಯು ಸುಳಿಯಾಗಿ ಸುತ್ತಿಕೊಂಡೇ ಹೊರಬರುತ್ತದೆ. ಚಿಟ್ಟೆಯು ಕೋಶವನ್ನೊಡೆದು ಬರುವಾಗ ಅದರ ರೆಕ್ಕೆಗಳು ಮುದುಡಿಕೊಂಡಿರುತ್ತವೆ. ಆದರೆ ಮಡಿಸುವುದರ ಸಾರ್ಥಕ್ಯವಿರುವುದು ಬಿಚ್ಚುವುದರಲ್ಲಿ. ಬಿಚ್ಚದ ಸುಳಿ ಎಲೆಯಾಗಲಾರದು. ಅರಳದ ರೆಕ್ಕೆಯ ಚಿಟ್ಟೆ ಹಾರಲಾರದು. ಜಡಿಮಳೆಯಲ್ಲಿ ತೆರೆಯದ ಕೊಡೆಯು ಕೈಯಲ್ಲಿನ ಒಂದು ಕೋಲು ಮಾತ್ರ.

ನೆಲದ ಮೇಲೆ ಸಾಮಾನ್ಯವಾಗಿ ತೋರುವ ಈ ಸಂಗತಿಯು ಬಾಹ್ಯಾಕಾಶದಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ವಾತಾವರಣವನ್ನು ಸೀಳಿಕೊಂಡು ಮೇಲೇರಬೇಕಾದ ರಾಕೆಟ್ಟಿನ ತಲೆಯು ಕಿರಿದಾಗಿರಲೇಬೇಕು. ಆ ಕಿರಿದಾದ ಜಾಗದಲ್ಲಿ ಹಿಡಿಸುವಷ್ಟನ್ನು ಮಾತ್ರ ಅದು ಒಯ್ಯಬಲ್ಲದು. ಮೇಲೆ ತಲುಪಿದ ನೌಕೆಗಾದರೋ ಅಗಲವಾದ ವಸ್ತುಗಳೇ ಬೇಕು. ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸೌರಫಲಕಗಳು ಬೇಕು. ಭೂಮಿಯೊಡನೆ ಮಾತನಾಡಲು ದೊಡ್ಡ ಆಂಟೆನಾ ಬೇಕು. ಒಳಗಿನ ಯಂತ್ರಗಳ ಮತ್ತು ಮನುಷ್ಯರ ಶಾಖವನ್ನು ಹೊರಚೆಲ್ಲುವ ಹಲಗೆಗಳು ಬೇಕು. ಮರಳಿ ನೆಲಕ್ಕಿಳಿಯುವಾಗ ಪ್ಯಾರಾಚೂಟುಗಳು ಬೇಕು. ಮಂಗಳ ಗ್ರಹದ ಬಳಿ ಬಿಸಿಲಿನ ಬಲವು ಭೂಮಿಯ ಬಳಿ ಇರುವುದರ ಅರ್ಧಕ್ಕಿಂತಲೂ ಕಡಿಮೆ. ಆದುದರಿಂದ ಅಲ್ಲಿಗೆ ಹೊರಟ ನೌಕೆಯು ಅಷ್ಟೇ ವಿದ್ಯುತ್ತನ್ನು ಪಡೆಯಲು ಎರಡರಷ್ಟಕ್ಕಿಂತಲೂ ಅಗಲವಾದ ರೆಕ್ಕೆಗಳನ್ನು ಹರಡಬೇಕಾಗುತ್ತದೆ. ಇವೆಲ್ಲವನ್ನೂ ಮಡಿಸಿಯೇ ಒಯ್ಯಬೇಕು, ಒಯ್ದು ಬಿಚ್ಚಬೇಕು. ಬಿಚ್ಚುವ ಯಂತ್ರವನ್ನು ಆರಿಸುವವನು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಅದನ್ನು ತೆರೆಯುವ ಶಕ್ತಿ ಯಾವುದು? ತೆರೆಯದಂತೆ ತಡೆಯಬಲ್ಲುದು ಯಾವುದು? ತೆರೆಯದೆ ಹೋದರೆ ಏನು ಗತಿ? ನೌಕೆಯಲ್ಲಿ ಮನುಷ್ಯರು ಕುಳಿತಿರುವಾಗ ಈ ಮೂರನೆಯ ಪ್ರಶ್ನೆಯೇ ಮೊದಲನೆಯದಾಗುತ್ತದೆ.

ನಾನು ಯಂತ್ರಶಿಲ್ಪಿಯಲ್ಲ, ಪ್ರೌಢಶಾಲೆಗಳಲ್ಲಿ ವಿಜ್ಞಾನವನ್ನು ಕಲಿಸುತ್ತ ಕಾಲ ಕಳೆದವನು. ವರ್ಗಾವಣೆಯ ದೆಸೆಯಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ಊರುಗಳ ಅನ್ನವನ್ನು ಉಂಡಿದ್ದೇನೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮೊದಲ ಮೂರು ಊರುಗಳು ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದುವು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಎಲ್ಲವೂ ಒಂದೇ ಜಿಲ್ಲೆಗೆ ಸೇರಿದುವು. ಆಕಾಶದ ಯಂತ್ರಗಳನ್ನು ಮಕ್ಕಳಿಗೆ ವಿವರಿಸಲು ನನಗೆ ಬೇಕಾದ ಉಪಮಾನಗಳನ್ನೆಲ್ಲ ಈ ಊರುಗಳೇ ಒದಗಿಸಿದುವು. ಅವನ್ನೇ ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಚನ್ನಗಿರಿ ತಾಲ್ಲೂಕಿನಲ್ಲಿ ಶಾಂತಿಸಾಗರವೆಂಬ ವಿಶಾಲವಾದ ಕೆರೆಯಿದೆ. ಜನರ ಬಾಯಲ್ಲಿ ಅದು ಸೂಳೆಕೆರೆ. ಶತಮಾನಗಳಷ್ಟು ಹಳೆಯದಾದ ಆ ಕೆರೆಯಿಂದ ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳು ಹೊರಡುತ್ತವೆ. ಏರಿಯ ಮೇಲೆ ನಿಂತವನಿಗೆ ಕಣ್ಣು ಹಾಯುವವರೆಗೆ ನೀರು ಕಾಣುತ್ತದೆ. ಆದರೆ ಆ ನೀರೆಲ್ಲವೂ ಗದ್ದೆತೋಟಗಳ ಪಾಲಿಗೆ ಇದ್ದೂ ಇಲ್ಲದಂತೆಯೇ, ತೂಬು ತೆರೆಯುವವರೆಗೆ. ಇಷ್ಟು ದೊಡ್ಡ ಕೆರೆಯ ಉಪಯೋಗವೆಲ್ಲವೂ ಅಷ್ಟು ಸಣ್ಣ ಬಾಗಿಲಿನ ಚಲನೆಯನ್ನು ಅವಲಂಬಿಸಿರುವುದನ್ನು ಕಂಡು ನಾನು ಬೆರಗಾಗುತ್ತಿದ್ದೆ. ಕೆರೆಯನ್ನು ಕಟ್ಟಿದವರು ಒಂದೇ ಹಾದಿಯನ್ನು ನಂಬದೆ ಎರಡು ಕಡೆಗಳಿಂದ ನೀರನ್ನು ಹರಿಯಬಿಟ್ಟರೆಂಬುದೂ ಗಮನಿಸಬೇಕಾದ ಮಾತು.

ನಾನು ಚನ್ನಗಿರಿಯಲ್ಲಿದ್ದಾಗಲೇ, ೧೯೮೧ರ ಜೂನ್ ೧೯ರಂದು, ಭಾರತದ ‘ಆಪಲ್’ ಉಪಗ್ರಹವು ಯುರೋಪಿನ ಏರಿಯಾನ್ ರಾಕೆಟ್ಟನ್ನೇರಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಮೇಲಕ್ಕೆ ಹೋಯಿತು. ಅದು ನಮ್ಮ ದೇಶದ ಮೊತ್ತಮೊದಲ ಪ್ರಾಯೋಗಿಕ ಭೂಸ್ಥಿರ ಸಂಪರ್ಕ ಉಪಗ್ರಹ. ಪರೀಕ್ಷೆಯ ಸಮಯದಲ್ಲಿ ಅದನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದ್ದ ಚಿತ್ರವನ್ನು ನೀವು ನೋಡಿರಬಹುದು. ಅದು ಬಡತನದ ಗುರುತಾಗಿರಲಿಲ್ಲ. ಲೋಹದ ವಾಹನವು ಆಂಟೆನಾದ ಪರೀಕ್ಷೆಗೆ ಅಡ್ಡಿಯಾಗುತ್ತಿದ್ದುದರಿಂದ ಮರದ ಗಾಡಿಯನ್ನು ಬುದ್ಧಿಪೂರ್ವಕವಾಗಿಯೇ ಆರಿಸಿಕೊಂಡಿದ್ದರು. ಆ ಉಪಗ್ರಹಕ್ಕೆ ಎರಡು ಸೌರಫಲಕಗಳಿದ್ದುವು. ಮೇಲೆ ಹೋದ ಬಳಿಕ ಒಂದು ತೆರೆಯಿತು, ಇನ್ನೊಂದು ತೆರೆಯಲಿಲ್ಲ. ಒಂದೇ ರೆಕ್ಕೆಯ ಆ ಹಕ್ಕಿಯನ್ನು ನಮ್ಮ ವಿಜ್ಞಾನಿಗಳು ಕೈಬಿಡಲಿಲ್ಲ. ದೊರೆತಷ್ಟು ವಿದ್ಯುತ್ತಿನಲ್ಲಿಯೇ ಎರಡು ವರ್ಷಕ್ಕೂ ಮೇಲ್ಪಟ್ಟು ಅದರಿಂದ ಕೆಲಸ ತೆಗೆದರು. ಎರಡು ನಾಲೆಗಳಲ್ಲಿ ಒಂದು ಮುಚ್ಚಿಹೋದರೂ ಇನ್ನೊಂದು ಹರಿಯಿತೆಂದು ನಾನು ಮಕ್ಕಳಿಗೆ ಹೇಳಿದೆ.

ಮರುವರ್ಷ, ೧೯೮೨ರ ಏಪ್ರಿಲ್ ೧೦ರಂದು, ಅಮೆರಿಕದಲ್ಲಿ ನಿರ್ಮಿತವಾದ ಇನ್ಸಾಟ್ ೧-ಎ ಮೇಲೇರಿತು. ಅದರ ಒಂದು ಆಂಟೆನಾ ಮೊದಲು ತೆರೆಯಲೊಲ್ಲದೆ ಹೋಯಿತು. ಉಪಗ್ರಹದ ದಿಕ್ಕನ್ನು ತಿದ್ದುವ ಕಿರುರಾಕೆಟ್ಟುಗಳ ಅನಿಲವನ್ನು ಅದರ ಮೇಲೆ ಹಾಯಿಸಿ, ಹಲವು ದಿನಗಳ ಬಳಿಕ ಅದನ್ನು ಬಿಡಿಸಲಾಯಿತು. ಆ ಉಪಗ್ರಹದ ಸೌರಫಲಕಗಳು ಒಂದೇ ಪಕ್ಕದಲ್ಲಿದ್ದುವು. ಬಿಸಿಲಿಗೂ ಸೂಕ್ಷ್ಮವಾದ ಒತ್ತಡವಿದೆ; ಒಂದೇ ಪಕ್ಕದ ಮೇಲೆ ಬಿದ್ದ ಆ ಒತ್ತಡವು ಉಪಗ್ರಹವನ್ನು ಮೆಲ್ಲಮೆಲ್ಲನೆ ತಿರುಗಿಸಿಬಿಡುತ್ತದೆ. ಇದನ್ನು ಸರಿದೂಗಿಸಲೆಂದು ಇನ್ನೊಂದು ಪಕ್ಕದಲ್ಲಿ ಹಾಯಿಯೊಂದನ್ನು ಮಡಿಸಿ ಇಟ್ಟಿದ್ದರು. ಆ ಹಾಯಿ ಕಡೆಗೂ ತೆರೆಯಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಿಕ್ಕು ಕಾಯುವ ಇಂಧನವು ತೀರಿಹೋಗಿ ಉಪಗ್ರಹವು ನಷ್ಟವಾಯಿತು. ೧೯೮೩ರ ಆಗಸ್ಟಿನಲ್ಲಿ ಹೋದ ಇನ್ಸಾಟ್ ೧-ಬಿಯ ಸೌರಫಲಕವೂ ಮೊದಮೊದಲು ಹಟಹಿಡಿಯಿತು. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ ಕುಳಿತವರಿಗೆ ಆ ದಿನಗಳು ಹೇಗೆ ಕಳೆದಿರಬಹುದೆಂಬುದನ್ನು ಊಹಿಸಿಕೊಳ್ಳಿ. ಸೆಪ್ಟೆಂಬರಿನ ನಡುವಿಗೆ ಅದು ತೆರೆದುಕೊಂಡಿತು; ತನಗೆ ನಿಯಮಿಸಿದ ಆಯುಷ್ಯವನ್ನು ಪೂರೈಸಿತು. ಮೂರು ವರ್ಷಗಳಲ್ಲಿ ಮೂರು ಉಪಗ್ರಹಗಳು; ಮೂರರಲ್ಲಿಯೂ ಕಾಡಿದ್ದು ರಾಕೆಟ್ಟಲ್ಲ, ಮಡಿಸಿಟ್ಟ ರೆಕ್ಕೆ.

ಚನ್ನಗಿರಿಯಿಂದ ನನಗೆ ಹೊನ್ನಾಳಿಗೆ ವರ್ಗವಾಯಿತು. ತುಂಗಭದ್ರೆಯ ದಂಡೆಯ ಮೇಲಿರುವ ಆ ಊರಿನಲ್ಲಿ ಮುಂಗಾರಿನ ಮುನ್ನ ಕೊಡೆ ರಿಪೇರಿ ಮಾಡುವ ವೃದ್ಧರೊಬ್ಬರು ಬೀದಿಬೀದಿಯಲ್ಲಿ ಕೂಗುತ್ತ ಬರುತ್ತಿದ್ದರು. ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದ ಅವರನ್ನು ನಾನೊಮ್ಮೆ ಕೇಳಿದೆ: “ಯಜಮಾನರೇ, ಕೊಡೆ ಹೆಚ್ಚಾಗಿ ಕೆಡುವುದು ಮಳೆಗಾಳಿಯಲ್ಲಿಯೇ ಅಲ್ಲವೇ?” ಅವರು ತಲೆಯಾಡಿಸಿ ನಕ್ಕರು. “ಇಲ್ಲ ಮೇಷ್ಟ್ರೇ, ಗಾಳಿಗೆ ಮುರಿದದ್ದು ಕಡಿಮೆ. ಮೂಲೆಯಲ್ಲಿ ಸುಮ್ಮನೆ ನಿಂತು ಕೆಟ್ಟದ್ದೇ ಹೆಚ್ಚು. ಕಡ್ಡಿಯ ಕೀಲು ಒಣಗಿ ಹಿಡಿದುಕೊಳ್ಳುತ್ತದೆ. ಒಂದು ಕಡ್ಡಿ ಹಿಡಿದರೆ ಸಾಕು, ಉಳಿದವೆಲ್ಲ ನೆಟ್ಟಗಿದ್ದರೂ ಕೊಡೆ ಸೊಟ್ಟಗೇ ನಿಲ್ಲುತ್ತದೆ” ಎಂದರು.

ಅವರ ಮಾತಿನ ತೂಕವು ನನಗೆ ಸಂಪೂರ್ಣವಾಗಿ ತಿಳಿದದ್ದು ಗೆಲಿಲಿಯೊ ನೌಕೆಯ ವೃತ್ತಾಂತವನ್ನು ಓದಿದಾಗ. ಗುರುಗ್ರಹವನ್ನು ಅಭ್ಯಸಿಸಲೆಂದು ಅಮೆರಿಕವು ೧೯೮೯ರ ಅಕ್ಟೋಬರಿನಲ್ಲಿ ಕಳಿಸಿದ ಆ ನೌಕೆಯ ಮುಖ್ಯ ಆಂಟೆನಾ ಅಕ್ಷರಶಃ ಒಂದು ಕೊಡೆಯೇ. ಹದಿನೆಂಟು ಕಡ್ಡಿಗಳಿಗೆ ಲೋಹದ ತೆಳುವಾದ ಬಲೆಯನ್ನು ಹೊದಿಸಿ, ನಡುಗಂಬಕ್ಕೆ ಮಡಿಸಿ ಕಟ್ಟಿದ್ದರು. ಬಿಚ್ಚಿದರೆ ಅದರ ಅಗಲ ೪.೮ ಮೀಟರು. ಉಡಾವಣೆಯು ಮುಂದುಮುಂದಕ್ಕೆ ಹೋದುದರಿಂದ ಆ ಆಂಟೆನಾ ವರ್ಷಗಟ್ಟಲೆ ಮಡಿಸಿದಂತೆಯೇ ಉಳಿಯಿತು. ಲಾರಿಯ ಮೇಲೆ ದೇಶದ ಈ ತುದಿಯಿಂದ ಆ ತುದಿಗೆ ಓಡಾಡಿತು. ಆ ಅಲುಗಾಟದಲ್ಲಿ ಕಡ್ಡಿಗಳ ಕೀಲುಗಳಿಗೆ ಲೇಪಿಸಿದ್ದ ಒಣ ಜಾರುಪುಡಿಯು ಸವೆದುಹೋಯಿತೆಂದು ವಿಜ್ಞಾನಿಗಳು ನಿರ್ಧರಿಸಿದರು. ೧೯೯೧ರ ಏಪ್ರಿಲಿನಲ್ಲಿ ತೆರೆಯುವಂತೆ ಆಜ್ಞೆ ಹೋದಾಗ ಕೆಲವು ಕಡ್ಡಿಗಳು ಹಿಡಿದುಕೊಂಡುವು. ಕೊಡೆಯು ಸೊಟ್ಟಗೆ ನಿಂತಿತು. ಬಿಸಿಲಿಗೆ ಕಾಯಿಸಿದರು, ನೆರಳಿಗೆ ತಂದು ತಂಪುಗೊಳಿಸಿದರು, ಮೋಟಾರನ್ನು ಮತ್ತೆ ಮತ್ತೆ ಮಿಡಿಸಿದರು, ಅದು ಅರಳಲಿಲ್ಲ. ಕಡೆಗೆ ಚಿಕ್ಕ ಆಂಟೆನಾವನ್ನೇ ನಂಬಿ, ಸುದ್ದಿಯನ್ನು ಸಂಕ್ಷೇಪಿಸಿ ಕಳಿಸುವ ಹೊಸ ಉಪಾಯಗಳನ್ನು ಹೂಡಿ, ಕೆಲಸದ ಬಹುಭಾಗವನ್ನು ಸಾಧಿಸಿಕೊಂಡರು. ಮನುಷ್ಯರಿಲ್ಲದ ನೌಕೆಯಾದುದರಿಂದ ನಷ್ಟವಾದದ್ದು ಸುದ್ದಿ ಮಾತ್ರ.

ಇಲ್ಲಿ ಒಂದು ಭೌತಿಕ ತತ್ತ್ವವನ್ನು ನೆನಪಿಡಬೇಕು. ನೆಲದ ಮೇಲೆ ಲೋಹದ ವಸ್ತುಗಳ ಮೈಮೇಲೆ ಗಾಳಿಯಿಂದಾದ ತೆಳುವಾದ ಪದರವೊಂದು ಇರುತ್ತದೆ. ಅದು ಎರಡು ಲೋಹಗಳನ್ನು ಬೇರೆ ಬೇರೆಯಾಗಿಯೇ ಇರಿಸುತ್ತದೆ. ನಿರ್ವಾತದಲ್ಲಿ ಆ ಪದರವು ಉಜ್ಜಿಹೋದರೆ ಮತ್ತೆ ಹುಟ್ಟುವುದಿಲ್ಲ. ಒತ್ತಿ ನಿಂತ ಎರಡು ಲೋಹಗಳು ಬೆಸುಗೆ ಹಾಕಿದಂತೆ ಅಂಟಿಕೊಳ್ಳಬಹುದು. ನಾವು ಬಳಸುವ ಸಾಮಾನ್ಯ ಎಣ್ಣೆಯಾದರೋ ಅಲ್ಲಿ ಆವಿಯಾಗಿ ಹೋಗುತ್ತದೆ. ಅದಕ್ಕಾಗಿಯೇ ಒಣ ಜಾರುಪುಡಿಗಳನ್ನೂ ವಿಶೇಷವಾದ ಜಿಡ್ಡುಗಳನ್ನೂ ಬಳಸುತ್ತಾರೆ. ತಡೆಯುವ ಘರ್ಷಣೆಯು ಎಷ್ಟಿದ್ದೀತೆಂದು ಲೆಕ್ಕ ಹಾಕಿ, ತೆರೆಯುವ ಬಲವನ್ನು ಅದಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಇಟ್ಟಿರುತ್ತಾರೆ.

ಹೊನ್ನಾಳಿಯ ನೆರೆಯೂರಾದ ನ್ಯಾಮತಿಯಲ್ಲಿ ನಾನು ಕಂಡದ್ದು ಅಡಿಕೆಯ ಸೀಮೆಯ ಬದುಕು. ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಒಣಹಾಕಿ, ಮೋಡ ಕವಿದೊಡನೆ ಟಾರ್ಪಾಲನ್ನು ಹೊದಿಸಲು ಮನೆಮಂದಿಯೆಲ್ಲ ಓಡುತ್ತಿದ್ದರು. ವರ್ಷವೆಲ್ಲ ಮಡಿಸಿಟ್ಟ ಟಾರ್ಪಾಲು ಮಡಿಕೆಗಳಲ್ಲಿ ಅಂಟಿಕೊಂಡು ಒಮ್ಮೆಗೇ ಬಿಚ್ಚುತ್ತಿರಲಿಲ್ಲ. ಅವಸರದಿಂದ ಎಳೆದರೆ ಹರಿಯುತ್ತಿತ್ತು. ಅನುಭವಿಗಳು ಒಂದೊಂದೇ ಮಡಿಕೆಯನ್ನು ಬಿಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಮುಂದಿನದಕ್ಕೆ ಕೈ ಹಾಕುತ್ತಿದ್ದರು.

ದೂರದ ಯಾನಕ್ಕೆ ಹೊರಡುವ ಮನುಷ್ಯರಿಗೆ ವಾಸದ ಕೋಣೆಯೂ ದೊಡ್ಡದಾಗಿರಬೇಕಷ್ಟೆ. ಅದನ್ನು ಬಟ್ಟೆಯಂಥ ಗಟ್ಟಿ ಪದರಗಳಿಂದ ಮಾಡಿ, ಮಡಿಸಿ ಒಯ್ದು, ಮೇಲೆ ಗಾಳಿ ತುಂಬಿ ಉಬ್ಬಿಸಬಹುದೇ ಎಂದು ವಿಜ್ಞಾನಿಗಳು ಆಲೋಚಿಸಿದರು. ಅಂಥ ಒಂದು ಪ್ರಯೋಗದ ಕೋಣೆಯನ್ನು ೨೦೧೬ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದರು. ಮೇ ೨೬ರಂದು ಗಾಳಿ ತುಂಬಲಾರಂಭಿಸಿದಾಗ ಅದು ನಿರೀಕ್ಷಿಸಿದಷ್ಟು ಹಿಗ್ಗಲಿಲ್ಲ. ಬಹುಕಾಲ ಮಡಿಕೆಯಲ್ಲಿದ್ದ ಪದರಗಳು ಒಂದನ್ನೊಂದು ಹಿಡಿದುಕೊಂಡಿದ್ದುವು. ಅವಸರಪಡದೆ ಅಂದಿನ ಕೆಲಸವನ್ನು ನಿಲ್ಲಿಸಿದರು. ಎರಡು ದಿನಗಳ ತರುವಾಯ ನಿಲ್ದಾಣದೊಳಗಿನ ಯಾತ್ರಿ ಜೆಫ್ ವಿಲಿಯಮ್ಸ್ ಸ್ವಲ್ಪ ಸ್ವಲ್ಪವೇ ಗಾಳಿಯನ್ನು ಬಿಡುತ್ತ, ನಡುನಡುವೆ ಕಾಯುತ್ತ, ಏಳು ಗಂಟೆಗೂ ಮೇಲ್ಪಟ್ಟು ಶ್ರಮಿಸಿ ಅದನ್ನು ಪೂರ್ತಿಯಾಗಿ ಅರಳಿಸಿದರು. ನಿಲ್ಲಿಸಿ, ಯೋಚಿಸಿ, ಮತ್ತೆ ತೊಡಗುವ ಅವಕಾಶವನ್ನು ಕೊಡುವ ಯಂತ್ರವು ಎಂಥ ಉಪಕಾರಿಯೆಂಬುದನ್ನು ಈ ನಿದರ್ಶನವು ತೋರಿಸುತ್ತದೆ.

ಜಗಳೂರು ನನ್ನ ಸೇವೆಯ ಕೊನೆಯ ಊರು. ಮಳೆ ಕಡಿಮೆಯಾದ ಬಯಲುಸೀಮೆ, ಕುರಿಗಾರರ ನಾಡು. ಬೆಳೆ ತೆಗೆದ ಹೊಲಗಳಲ್ಲಿ ಅವರು ಸಂಜೆಗೆ ಗೂಟ ನೆಟ್ಟು, ಬಲೆ ಕಟ್ಟಿ, ಮಂದೆಯನ್ನು ತರುಬುತ್ತಿದ್ದರು. ಬೆಳಗಾದರೆ ಬಲೆಯನ್ನು ಸುತ್ತಿ ಹೆಗಲಿಗೇರಿಸಿ ಮುಂದಿನ ಊರಿಗೆ ಹೊರಡುತ್ತಿದ್ದರು. ದಿನವೂ ಬಿಚ್ಚಿ ದಿನವೂ ಮಡಿಸುವ ಆ ಬಲೆಯ ಪ್ರತಿಯೊಂದು ಗಂಟೂ ಅವರ ಬೆರಳಿಗೆ ಪರಿಚಿತವಾಗಿತ್ತು. ಕತ್ತಲಲ್ಲಿಯೂ ಅವರು ಅದನ್ನು ಕಟ್ಟಬಲ್ಲವರಾಗಿದ್ದರು. ಹರಿದರೆ ಅಲ್ಲಿಯೇ ಹೆಣೆಯಬಲ್ಲವರಾಗಿದ್ದರು.

ಒಂದು ದಿನ ತರಗತಿಯಲ್ಲಿ ಈ ವಿಷಯವನ್ನೆಲ್ಲ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸಾರ್, ನೌಕೆಯಲ್ಲಿ ಮನುಷ್ಯರೇ ಇರುವಾಗ ಹೆದರಿಕೆ ಏಕೆ? ತೆರೆಯದಿದ್ದರೆ ಅವರೇ ಹೊರಗೆ ಹೋಗಿ ತೆರೆಯಬಹುದಲ್ಲ?” ಎಂದು ಕೇಳಿದಳು. ಹಿಂದಿನ ಬೆಂಚಿನಿಂದ ಕುರಿಗಾರರ ಹುಡುಗನೊಬ್ಬ, “ಹೊರಗೆ ಹೋದವರಿಗೇ ಏನಾದರೂ ಆದರೆ?” ಎಂದ. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಅವರಿಗೆ ನಾನು ಹೇಳಿದ ಎರಡು ನಿಜಸಂಗತಿಗಳನ್ನು ನೀವೂ ಕೇಳಿರಿ.

೧೯೭೩ರ ಮೇ ೧೪ರಂದು ಅಮೆರಿಕವು ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶಗೃಹವನ್ನು ಮನುಷ್ಯರಿಲ್ಲದೆ ಮೇಲಕ್ಕೆ ಕಳಿಸಿತು. ಹಾರಿದ ಒಂದು ನಿಮಿಷದಲ್ಲಿಯೇ ಅದರ ಹೊರಗವಚವು ಕಿತ್ತುಹೋಯಿತು. ಅದರೊಡನೆ ಒಂದು ಸೌರರೆಕ್ಕೆಯೂ ಹೋಯಿತು. ಉಳಿದ ಇನ್ನೊಂದು ರೆಕ್ಕೆಯು ಕವಚದ ಲೋಹದ ಪಟ್ಟಿಯೊಂದಕ್ಕೆ ಸಿಕ್ಕಿ ತೆರೆಯದಾಯಿತು. ನೆರಳಿಲ್ಲದ ಮನೆಯ ಒಳಗು ಕುಲುಮೆಯಂತೆ ಕಾಯಿತು. ಹನ್ನೊಂದು ದಿನಗಳ ಬಳಿಕ ಪೀಟ್ ಕಾನ್ರಾಡ್, ಜೋಸೆಫ್ ಕರ್ವಿನ್, ಪಾಲ್ ವೈಟ್ಸ್ ಎಂಬ ಮೂವರು ಅಲ್ಲಿಗೆ ಹೋದರು. ಒಳಗಿನ ಸಣ್ಣ ಕಿಂಡಿಯೊಂದರ ಮೂಲಕ ಕೊಡೆಯಂಥ ಬಟ್ಟೆಯ ಚಪ್ಪರವೊಂದನ್ನು ಹೊರದೂಡಿ ಬಿಚ್ಚಿದರು, ಮನೆ ತಂಪಾಯಿತು. ಜೂನ್ ೭ರಂದು ಕಾನ್ರಾಡ್ ಮತ್ತು ಕರ್ವಿನ್ ಹೊರಗೆ ಹೋಗಿ, ಉದ್ದನೆಯ ಕೋಲಿನ ತುದಿಯ ಕತ್ತರಿಯಿಂದ ಆ ಪಟ್ಟಿಯನ್ನು ಕತ್ತರಿಸಿದರು. ಆದರೂ ಹಿಮದಂತೆ ಸೆಟೆದಿದ್ದ ಕೀಲು ಅಲುಗಲಿಲ್ಲ. ಹಗ್ಗವನ್ನು ಹೆಗಲಿಗೆ ಕೊಟ್ಟು ಇಬ್ಬರೂ ಜಗ್ಗಿದಾಗ ರೆಕ್ಕೆಯು ಥಟ್ಟನೆ ತೆರೆದುಕೊಂಡಿತು. ಸತ್ತಂತಿದ್ದ ಮನೆಗೆ ಬೆಳಕು ಬಂದಿತು. ಮುಂದೆ ಮೂರು ತಂಡಗಳು ಒಟ್ಟು ೧೭೧ ದಿನಗಳ ಕಾಲ ಅಲ್ಲಿ ವಾಸಿಸಿದುವು. ಆ ಹುಡುಗಿಯ ಮಾತಿಗೆ ಇದು ಆಧಾರ.

ಹುಡುಗನ ಮಾತಿಗೂ ಆಧಾರವುಂಟು. ೧೯೬೭ರ ಏಪ್ರಿಲ್ ೨೩ರಂದು ಸೋವಿಯತ್ ದೇಶದ ವ್ಲಾದಿಮಿರ್ ಕೊಮರೊವ್ ಸೋಯುಜ್-೧ ನೌಕೆಯಲ್ಲಿ ಒಬ್ಬರೇ ಮೇಲೇರಿದರು. ನೌಕೆಯ ಎರಡು ಸೌರಫಲಕಗಳಲ್ಲಿ ಒಂದು ತೆರೆಯಲಿಲ್ಲ. ವಿದ್ಯುತ್ತು ಸಾಲದಾಯಿತು, ಬೇರೆ ತೊಡಕುಗಳೂ ಕೂಡಿಕೊಂಡುವು, ಯಾನವನ್ನು ಮೊಟಕುಗೊಳಿಸಿ ಹಿಂದಕ್ಕೆ ಕರೆದರು. ಅಷ್ಟೆಲ್ಲ ತೊಂದರೆಗಳ ನಡುವೆ ಕೊಮರೊವ್ ನೌಕೆಯನ್ನು ಕುಶಲತೆಯಿಂದ ತಿರುಗಿಸಿ ವಾತಾವರಣದೊಳಕ್ಕೆ ತಂದರು. ಆದರೆ ಮುಖ್ಯ ಪ್ಯಾರಾಚೂಟು ತನ್ನ ಗೂಡಿನಿಂದ ಹೊರಬರಲಿಲ್ಲ. ಆಪತ್ಕಾಲಕ್ಕೆಂದು ಇದ್ದ ಇನ್ನೊಂದು ಪ್ಯಾರಾಚೂಟು ಮೊದಲಿನದರ ಹಗ್ಗಗಳಿಗೆ ತೊಡರಿಕೊಂಡು ಅರಳದೆ ಹೋಯಿತು. ಏಪ್ರಿಲ್ ೨೪ರಂದು ಆ ವೀರನು ನೆಲಕ್ಕಪ್ಪಳಿಸಿ ಮಡಿದನು. ಪ್ಯಾರಾಚೂಟು ತೆರೆಯಬೇಕಾದ ಆ ಕ್ಷಣಗಳಲ್ಲಿ ಯಾವ ಮನುಷ್ಯನೂ ಹೊರಗೆ ಹೋಗಿ ಅದನ್ನು ಬಿಡಿಸಲಾರನು. ಎರಡನೆಯದೊಂದು ಇದ್ದರೆ ಸಾಲದು. ಮೊದಲನೆಯದರ ಕೇಡು ಅದಕ್ಕೆ ತಗುಲದಂತೆಯೂ ಇರಬೇಕು. ನಾಲ್ಕು ವರ್ಷಗಳ ತರುವಾಯ, ೧೯೭೧ರ ಆಗಸ್ಟ್ ೭ರಂದು, ಚಂದ್ರನಿಂದ ಮರಳಿದ ಅಪೊಲೊ-೧೫ರ ಮೂರು ಪ್ಯಾರಾಚೂಟುಗಳಲ್ಲಿ ಒಂದು ಮುದುಡಿಹೋಯಿತು. ಉಳಿದೆರಡು ಸಾಕಾಗುವಂತೆ ಮೊದಲೇ ಯೋಜಿಸಿದ್ದುದರಿಂದ ಮೂವರು ಯಾತ್ರಿಗಳೂ ಸುಖವಾಗಿ ಸಮುದ್ರಕ್ಕಿಳಿದರು.

ಹಾಗಾದರೆ ಮನುಷ್ಯರನ್ನು ಮಂಗಳದವರೆಗೆ ಒಯ್ಯುವ ನೌಕೆಗೆ ಎಂಥ ಯಂತ್ರಗಳನ್ನು ಆರಿಸಬೇಕು? ಬಿಚ್ಚುವ ಯಂತ್ರಗಳಲ್ಲಿ ಹಲವು ಬಗೆಗಳಿವೆ. ಅದುಮಿಟ್ಟ ಸ್ಪ್ರಿಂಗು ಎಲ್ಲಕ್ಕಿಂತ ಸರಳವಾದುದು. ಅದಕ್ಕೆ ವಿದ್ಯುತ್ತು ಬೇಡ. ಕಟ್ಟನ್ನು ಬಿಡಿಸಿದರೆ ಸಾಕು, ತಾನಾಗಿಯೇ ತೆರೆಯುತ್ತದೆ. ನಮ್ಮ ‘ಆದಿತ್ಯ ಎಲ್-೧’ ನೌಕೆಯಲ್ಲಿ ನೌಕೆಯ ಸ್ವಂತ ಕಾಂತಬಲದ ಸೋಂಕು ತಗುಲದಂತೆ ಕಾಂತಮಾಪಕಗಳನ್ನು ದೂರಕ್ಕೆ ಚಾಚುವ ಆರು ಮೀಟರಿನ ಮಡಿಸುವ ತೋಳೊಂದಿತ್ತು. ೧೩೨ ದಿನಗಳ ಕಾಲ ಮಡಿಸಿಕೊಂಡಿದ್ದ ಆ ತೋಳು ೨೦೨೪ರ ಜನವರಿ ೧೧ರಂದು ಸ್ಪ್ರಿಂಗಿನ ಬಲದಿಂದ ಸುಮಾರು ಒಂಬತ್ತೇ ಸೆಕೆಂಡುಗಳಲ್ಲಿ ನೆಟ್ಟಗೆ ಚಾಚಿಕೊಂಡಿತು. ಆದರೆ ಸ್ಪ್ರಿಂಗಿಗೆ ತೆರೆಯುವುದಷ್ಟೇ ಗೊತ್ತು, ಮುಚ್ಚುವುದು ಗೊತ್ತಿಲ್ಲ. ಮೋಟಾರು ಮೆಲ್ಲಗೆ ತೆರೆಯಬಲ್ಲದು, ನಿಲ್ಲಬಲ್ಲದು, ಮತ್ತೆ ಮಡಿಸಬಲ್ಲದು. ಆದರೆ ಅದಕ್ಕೆ ವಿದ್ಯುತ್ತು, ತಂತಿ, ಹಲ್ಲುಚಕ್ರಗಳು ಬೇಕು. ಇವುಗಳಲ್ಲಿ ಯಾವುದು ಕೆಟ್ಟರೂ ಅದು ನಿಂತುಹೋಗುತ್ತದೆ. ಸಣ್ಣ ಸಿಡಿಮದ್ದಿನಿಂದ ಕಟ್ಟನ್ನು ಕತ್ತರಿಸುವ ಯಂತ್ರವು ಕ್ಷಣಮಾತ್ರದಲ್ಲಿ ಕೆಲಸ ಮುಗಿಸುತ್ತದೆ. ಆದರೆ ಅದು ಕೊಡುವ ಧಕ್ಕೆ ದೊಡ್ಡದು, ಮತ್ತು ಒಮ್ಮೆ ಸಿಡಿಸಿ ಪರೀಕ್ಷಿಸಿದ್ದನ್ನು ಮತ್ತೆ ಬಳಸುವಂತಿಲ್ಲ.

ಇವುಗಳಲ್ಲಿ ಯಾವುದೂ ಎಲ್ಲ ಕಾಲಕ್ಕೂ ಶ್ರೇಷ್ಠವಲ್ಲ. ಕೆಲಸವನ್ನು ನೋಡಿ ಯಂತ್ರವನ್ನು ಆರಿಸಬೇಕು. ಮನುಷ್ಯರ ನೌಕೆಯ ಮಟ್ಟಿಗೆ ನನಗೆ ಮನವರಿಕೆಯಾದ ಕೆಲವು ನಿಯಮಗಳನ್ನು ಹೇಳುತ್ತೇನೆ. ಮಡಿಸದೆ ಸಾಗುವುದಾದರೆ ಮಡಿಸಬಾರದು. ನೌಕೆಯ ಮೈಗೇ ಅಂಟಿಸಿದ ಫಲಕವು ಕಡಿಮೆ ವಿದ್ಯುತ್ತನ್ನು ಕೊಟ್ಟರೂ ಎಂದೂ ತೆರೆಯದೆ ಇರುವುದಿಲ್ಲ. ಉಸಿರು, ಬೆಳಕು, ತಂಪು, ಮಾತು, ಇಳಿಯುವಿಕೆ ಎಂಬ ಪ್ರಾಣಾಧಾರಗಳಲ್ಲಿ ಯಾವುದೊಂದೂ ಒಂದೇ ಕೀಲಿನ ಮೇಲೆ ನಿಂತಿರಬಾರದು. ಒಂದು ಕೆಟ್ಟರೂ ಉಳಿದವು ಸಾಲುವಂತಿರಬೇಕು. ದಾರಿಯಲ್ಲಿ ಎಂಜಿನ್ನನ್ನು ಉರಿಸುವಾಗ ಹರಡಿದ ರೆಕ್ಕೆಗಳು ಬಳುಕಿ ಮುರಿಯಬಹುದಾದುದರಿಂದ, ಅವು ಆ ಬಲವನ್ನು ತಾಳುವಂತಿರಬೇಕು, ಇಲ್ಲವೇ ಕುರಿಗಾರನ ಬಲೆಯಂತೆ ಮತ್ತೆ ಮಡಿಸಲು ಬರುವಂತಿರಬೇಕು. ಕಟ್ಟಕಡೆಗೆ, ಮನುಷ್ಯನ ಕೈಗೆ ಎಟಕುವಲ್ಲಿ, ದಪ್ಪ ಕೈಗವಸಿನ ಹಿಡಿತಕ್ಕೆ ಸಿಕ್ಕುವಂಥ ಹಿಡಿಯೊಂದು ಪ್ರತಿಯೊಂದು ಕೀಲಿಗೂ ಇರಬೇಕು. ಹೊರಗೆ ಹೋಗುವುದು ಸ್ವತಃ ಅಪಾಯವಾದುದರಿಂದ ಆ ಕೈಯು ಮೊದಲ ಉಪಾಯವಾಗದೆ ಕೊನೆಯ ಉಪಾಯವಾಗಿಯೇ ಇರಬೇಕು. ಮಂಗಳದ ಬಳಿಯಿಂದ ಒಂದು ಮಾತು ಭೂಮಿಯನ್ನು ತಲುಪಲು ಮೂರರಿಂದ ಇಪ್ಪತ್ತೆರಡು ನಿಮಿಷಗಳು ಬೇಕು. ಅಲ್ಲಿರುವವರು ಹಾಸನವನ್ನೋ ಹ್ಯೂಸ್ಟನ್ನನ್ನೋ ಕೇಳಿ ಉತ್ತರಕ್ಕೆ ಕಾಯುತ್ತ ಕೂರುವಂತಿಲ್ಲ. ತಮ್ಮ ಯಂತ್ರದ ಪ್ರತಿಯೊಂದು ಗಂಟೂ ಅವರ ಬೆರಳಿಗೇ ಪರಿಚಿತವಾಗಿರಬೇಕು.

ಇದರಲ್ಲಿ ಒಂದು ಧರ್ಮಸಂಕಟವೂ ಇದೆ. ಕಾಪಾಡಲೆಂದು ಸೇರಿಸಿದ ಪ್ರತಿಯೊಂದು ಉಪಯಂತ್ರಕ್ಕೂ ತೂಕವಿದೆ. ಅದೂ ಕೆಡಬಹುದಾದ ಇನ್ನೊಂದು ವಸ್ತುವೇ. ಎಲ್ಲವನ್ನೂ ಎರಡೆರಡು ಇಡುತ್ತ ಹೋದರೆ ನೌಕೆಯು ನೆಲವನ್ನೇ ಬಿಡಲಾರದು. ೨೦೨೧ರ ಡಿಸೆಂಬರಿನಲ್ಲಿ ಹೋದ ಜೇಮ್ಸ್ ವೆಬ್ ದೂರದರ್ಶಕದಲ್ಲಿ ಬಿಡಿಸಬೇಕಾದ ಕಟ್ಟುಗಳು ೧೭೮ ಇದ್ದುವು. ಅವೆಲ್ಲವೂ ತಪ್ಪದೆ ಬಿಟ್ಟುಕೊಟ್ಟುವು, ಲೋಕವು ಬೆರಗಾಯಿತು. ಮನುಷ್ಯರಿಲ್ಲದ ದೂರದರ್ಶಕಕ್ಕೆ ಅಂಥ ಸಾಹಸ ಒಪ್ಪುತ್ತದೆ. ಮನುಷ್ಯರನ್ನು ಹೊತ್ತ ನೌಕೆಯಲ್ಲಿ ಮಾತ್ರ ಎಲ್ಲಿ ಸಾಹಸ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ವಿವೇಕವೇ ಆಯ್ಕೆಯ ಮರ್ಮ.

ಈ ವಿವೇಕವು ನಮ್ಮ ನಾಡಿನಲ್ಲಿ ಬೆಳೆದಿದೆ ಎಂಬುದು ಸಂತೋಷದ ಸಂಗತಿ. ‘ಮಂಗಳಯಾನ’ವು ೨೦೧೩ರ ನವೆಂಬರ್ ೫ರಂದು ಹೊರಟಾಗ ಅದರ ಮೂರು ಸೌರಫಲಕಗಳೂ ದೊಡ್ಡ ಆಂಟೆನಾವೂ ಯಥಾಕಾಲದಲ್ಲಿ ಬಿಚ್ಚಿಕೊಂಡುವು, ಮರುವರ್ಷದ ಸೆಪ್ಟೆಂಬರ್ ೨೪ರಂದು ಅದು ಮಂಗಳದ ಕಕ್ಷೆಯನ್ನು ಸೇರಿತು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ನೆಲಕ್ಕಿಳಿದ ಬಳಿಕ ಮಡಿಸಿಟ್ಟ ಇಳಿಜಾರು ತೆರೆದು, ಪುಟ್ಟ ಬಂಡಿಯು ಹೊರಗುರುಳಿತು. ಆ ಯಾನದ ಬಿಚ್ಚುವ ಯಂತ್ರಗಳು ಒಟ್ಟು ಇಪ್ಪತ್ತಾರು. ಅವು ಸಿದ್ಧವಾದದ್ದು ಬೆಂಗಳೂರಿನಲ್ಲಿ, ಉಡುಪಿಯ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರ ಹೆಸರನ್ನು ಹೊತ್ತ ಉಪಗ್ರಹ ಕೇಂದ್ರದಲ್ಲಿ. ಭಾರತೀಯರನ್ನು ನಮ್ಮದೇ ನೌಕೆಯಲ್ಲಿ ಒಯ್ಯಲೆಂದು ರೂಪುಗೊಳ್ಳುತ್ತಿರುವ ಗಗನಯಾನದ ಕೋಶಕ್ಕೆ ಹತ್ತು ಪ್ಯಾರಾಚೂಟುಗಳನ್ನು ಯೋಜಿಸಿದ್ದಾರೆ. ಅವುಗಳಲ್ಲಿ ಮುಖ್ಯವಾದವು ಮೂರು. ಮೂರರಲ್ಲಿ ಎರಡು ತೆರೆದರೂ ಯಾತ್ರಿಗಳು ಸುರಕ್ಷಿತವಾಗಿ ಇಳಿಯುತ್ತಾರೆ. ೨೦೨೫ರ ಆಗಸ್ಟ್ ೨೪ರಂದು ಮಾದರಿ ಕೋಶವೊಂದನ್ನು ಹೆಲಿಕಾಪ್ಟರಿನಿಂದ ಕೆಳಕ್ಕೆ ಬಿಟ್ಟು ಈ ವ್ಯವಸ್ಥೆಯನ್ನು ಪರೀಕ್ಷಿಸಿದರು. ಆಪಲ್ಲಿನ ತೆರೆಯದ ರೆಕ್ಕೆಯಿಂದ ಇಲ್ಲಿಗೆ ನಾಲ್ಕು ದಶಕಗಳ ದಾರಿ.

ಯಂತ್ರವನ್ನು ಆರಿಸುವುದೆಂದರೆ ಪಟ್ಟಿಯಲ್ಲಿ ಹೊಸದನ್ನೋ ಸುಂದರವಾದುದನ್ನೋ ಗುರುತು ಮಾಡುವುದಲ್ಲ. ಕೋಟ್ಯಂತರ ಕಿಲೋಮೀಟರು ದೂರದಲ್ಲಿ, ಗಾಳಿಯಿಲ್ಲದ ಕತ್ತಲೆಯಲ್ಲಿ, ನಮ್ಮಂತೆಯೇ ಉಸಿರಾಡುವ ಕೆಲವರು ಒಂದು ಕೀಲಿನ ಸದ್ದಿಗಾಗಿ ಕಿವಿಗೊಟ್ಟು ಕುಳಿತಿರುತ್ತಾರೆ. ಅವರ ಮುಖವನ್ನು ಎಂದೂ ಕಾಣದ ಯಾರೋ ಒಬ್ಬರು ಎಷ್ಟೋ ವರ್ಷಗಳ ಹಿಂದೆ ಮೇಜಿನ ಮುಂದೆ ಕುಳಿತು, ‘ಇದು ತೆರೆ��ದಿದ್ದರೆ ಅವರ ಗತಿಯೇನು?’ ಎಂದು ಯೋಚಿಸಿರಬೇಕು. ಉತ್ತರ ಸಿಕ್ಕುವವರೆಗೆ ಮೇಲೇಳದೆ ಇದ್ದಿರಬೇಕು. ನಿಮ್ಮಲ್ಲಿ ಕೆಲವರು ಮುಂದೆ ಆ ಮೇಜಿನ ಮುಂದೆ ಕೂರುವಿರಿ. ಆಗ ಮಡಿಸುವ ಜಾಣ್ಮೆಗಿಂತ ಬಿಚ್ಚುವ ಹೊಣೆ ದೊಡ್ಡದೆಂಬ ಮಾತನ್ನು ನೆನಪಿನಲ್ಲಿಡಿ.